ವಿಯೆನ್ನಾದಲ್ಲಿ ಸೌಲನ ಕೊನೆಯ ಯುದ್ಧ ನೋಡಹೊರಟವರಿಗೆ

ಸೌಲ ಬೈಬಲಿನಲ್ಲಿ ಬರುವ ಇಸ್ರಾಯೇಲ್ಯರ ರಾಜ; ಅವನ ಕೊನೆಯ ಯುದ್ಧ ವಿಯೆನ್ನಾದ ಮ್ಯೂಸಿಯಂನ ಒಂದು ತೈಲಚಿತ್ರದಲ್ಲಿದೆ. ಅದಕ್ಕೂ ಮೊದಲು ತಂಗುವ ಕೋಣೆಯ ವಿಷಯ. ವಿಯೆನ್ನಾದ ಹಳೆಯ ಕಟ್ಟಡದಲ್ಲಿ 'ಎರಡನೇ ಮಹಡಿ, ಲಿಫ್ಟ್ ಇಲ್ಲ' ಎಂದಿದ್ದರೆ ಒಪ್ಪುವ ಮುನ್ನ ಮೆಟ್ಟಿಲೆಷ್ಟು ಎಂದು ಕೇಳಿ. ನೆಲಮಹಡಿಯ ಮೇಲೆ ಹೋಖ್‌ಪಾರ್ಟೆರ್, ಮೆಜನೀನ್ ಎಂದು ಲೆಕ್ಕಕ್ಕೆ ಸೇರದ ಅಂತಸ್ತುಗಳಿರುತ್ತವೆ. ಎಣಿಕೆ ಶುರುವಾಗುವುದು ಅವುಗಳ ಮೇಲಿಂದ. ಸೂಟ್‌ಕೇಸ್ ಹೊತ್ತು ಏದುಸಿರು ಬಿಡುತ್ತ ತಲುಪಿದರೆ, ನಗರ ತೆರಿಗೆ ಬೇರೆ ಕೊಡಬೇಕೆಂದು ಮಾಲೀಕರು ಕೈ ಚಾಚಿದರು. ಅಷ್ಟು ದುಡ್ಡಿಗೆ ಕಿಟಕಿಯಾಚೆ ಕಂಡದ್ದು ಪಕ್ಕದ ಮನೆಯ ಗೋಡೆ.

ನಾನು ಹೋದದ್ದು ಫ್ಲೆಮಿಷ್ ಚಿತ್ರಕಾರ ಪೀಟರ್ ಬ್ರೂಗೆಲ್ 1562ರಲ್ಲಿ ಬರೆದ 'ಸೌಲನ ಆತ್ಮಹತ್ಯೆ' ಎಂಬ ತೈಲಚಿತ್ರಕ್ಕಾಗಿ. ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂನ ಬ್ರೂಗೆಲ್ ಕೋಣೆಯಲ್ಲಿ ಜನರೆಲ್ಲ 'ಬಾಬೆಲ್ ಗೋಪುರ', 'ಹಿಮದಲ್ಲಿ ಬೇಟೆಗಾರರು' ಚಿತ್ರಗಳ ಮುಂದೆ ಮೊಬೈಲ್ ಎತ್ತಿ ನಿಂತಿರುತ್ತಾರೆ. ಇದನ್ನು ಹುಡುಕಬೇಕು. ಯುದ್ಧದ ಚಿತ್ರವೆಂದರೆ ಗೋಡೆ ತುಂಬ ಇರುತ್ತದೆ ಎಂದುಕೊಳ್ಳಬೇಡಿ: ಎತ್ತರ 33.5 ಸೆಂ.ಮೀ., ಅಗಲ 55 ಸೆಂ.ಮೀ., ಅಡ್ಡ ಹಿಡಿದ ದಿನಪತ್ರಿಕೆಯ ಒಂದು ಪುಟದಷ್ಟೇ. ಅದರೊಳಗೆ ಎರಡು ಸೈನ್ಯ! ಕಣಿವೆಯಲ್ಲಿ ಭರ್ಜಿಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಹಿಡಿದವರ ಮುಖ ಕಾಣುವುದಿಲ್ಲ. ತೊಟ್ಟಿರುವುದು ಬ್ರೂಗೆಲ್‌ನ ಕಾಲದ ಉಕ್ಕಿನ ಕವಚ. ರಾಜನನ್ನು ನಡುವೆ ಹುಡುಕಿ ಸಮಯ ಕಳೆಯಬೇಡಿ. ಎಡಬದಿಯ ಬಂಡೆಯ ಮೇಲೆ ಸೌಲ ತನ್ನದೇ ಕತ್ತಿಯ ಮೇಲೆ ಬಿದ್ದಿದ್ದಾನೆ, ಆಯುಧ ಹೊರುವವನೂ ಅವನ ಹಾದಿಯನ್ನೇ ಹಿಡಿದಿದ್ದಾನೆ, ಶತ್ರುಗಳಾದ ಫಿಲಿಷ್ಟಿಯರು ಬಂಡೆ ಹತ್ತಿ ಬರುತ್ತಿದ್ದಾರೆ; ಕೆಳಗೆ ಕಾದಾಡುವವರಿಗೆ ಯಾವುದರ ಪರಿವೆಯೂ ಇಲ್ಲ. ಬೈಬಲಿನಲ್ಲಿ ಈ ಕಥೆಯಿರುವ ಸಮುವೇಲನ ಮೊದಲನೇ ಗ್ರಂಥದ 31ನೇ ಅಧ್ಯಾಯ ಚಿಕ್ಕದು, ಓದಿಕೊಂಡೇ ಹೋಗಿ. ನನ್ನಂತೆ ಗದ್ದಲ ಸಹಿಸದವರು ಗುರುವಾರ ಸಂಜೆ ಹೋಗಬೇಕು. ಅಂದು ರಾತ್ರಿ 9ರವರೆಗೆ ತೆರೆದಿರುತ್ತದೆ. ಬೆಳಗಿನ ಗುಂಪುಗಳ ನಡುವೆ ಇಷ್ಟು ಸಣ್ಣ ಚಿತ್ರ ನೋಡುವುದು ಆಗದ ಮಾತು.

ಮ್ಯೂಸಿಯಂನ ಕೆಫೆಯನ್ನು ಗುಮ್ಮಟದ ಕೆಳಗೆ ನಿಂತು ನೋಡಿ ಮುಂದೆ ಸಾಗಿ. ಬುರ್ಗ್‌ರಿಂಗ್‌ನಲ್ಲಿ 1ನೇ ನಂಬರ್ ಟ್ರಾಮ್ ಹಿಡಿದು ಷೊಟ್ಟನ್‌ಟೋರ್‌ನಲ್ಲಿ ಇಳಿದರೆ ಲಿಷ್ಟೆನ್‌ಸ್ಟೈನ್ ಬೀದಿಯಲ್ಲಿ 'ವೀನರ್ ದೀವಾನ್' ಇದೆ. ಪಾಕಿಸ್ತಾನಿ ಊಟ. ಹೊಟ್ಟೆ ತುಂಬುವಷ್ಟು ಬಡಿಸಿಕೊಳ್ಳಿ, ಮನಸ್ಸಿಗೆ ತೋಚಿದಷ್ಟು ಕೊಡಿ. ಬೆಲೆಪಟ್ಟಿ ಎಂಬುದೇ ಇಲ್ಲ, ಪಾನೀಯಗಳಿಗೆ ಮಾತ್ರ ಬೇರೆ ದರ. ಬಿಸಿ ಅನ್ನ, ದಾಲ್, ತರಕಾರಿ ಪಲ್ಯ. ಸಸ್ಯಾಹಾರಿಗಳು ಬ್ರೆಡ್ಡು ಚೀಸಿನಲ್ಲೇ ದಿನ ದೂಡಬೇಕಾದ ಊರಿನಲ್ಲಿ ಆ ದಾಲ್‌ನ ಒಗ್ಗರಣೆಯ ವಾಸನೆಗೇ ಅರ್ಧ ಹಸಿವು ಇಂಗಿತು. ವಿದ್ಯಾರ್ಥಿಗಳು ಕಿಕ್ಕಿರಿದಿರುತ್ತಾರೆ, ಮೇಜು ಹಂಚಿಕೊಳ್ಳಬೇಕು. ಆ ಗದ್ದಲವನ್ನು ಮಾತ್ರ ನಾನು ಸಹಿಸಿದೆ.