ಮಳೆ ಲೆಕ್ಕಕ್ಕೊಂದು ಸರ್ವರ್

ಮೂಡಿಗೆರೆಯಲ್ಲಿ ಬೆಳಗಿನಿಂದ ಜಡಿಮಳೆ. ತೋಟದ ಮಳೆ ಲೆಕ್ಕದ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಆ ಲೆಕ್ಕ ಹಾಕಿಡಲು ಹೊಸ ಕ್ಲೌಡ್ ಸರ್ವರ್ (ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಕಂಪ್ಯೂಟರ್) ಶುರು ಮಾಡಲು ಕೂತೆ. ಯಾವ ಇಮೇಜ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ಸಿದ್ಧ ಪ್ರತಿ, ಹಾಕುವುದು? ಉಬುಂಟು, ಡೆಬಿಯನ್, ಅಲ್ಮಾಲಿನಕ್ಸ್... ಹಳೇ ಸರ್ವರಿನಲ್ಲಿ ಸೆಂಟ್‌ಓಎಸ್ 7 ಇತ್ತು. 2024ರ ಜೂನ್ 30ಕ್ಕೆ ಅದರ ಅಪ್‌ಡೇಟ್ ನಿಂತೇ ಹೋಯಿತು. ಅದಕ್ಕೇ ಈ ಸಲ ಮೊದಲು ನೋಡಿದ್ದು, ಸೆಕ್ಯುರಿಟಿ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ ಅಂತ. ಉಬುಂಟು 24.04 ಎಲ್‌ಟಿಎಸ್‌ಗೆ (ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿಗೆ) 2029ರವರೆಗೆ ಇದೆ. ಅದನ್ನೇ ಆರಿಸಿದೆ. ಡೆಸ್ಕ್‌ಟಾಪ್ (ಚಿತ್ರ-ಕಿಟಕಿಗಳ ಪರದೆ) ಬೇಡ, 1 ಜಿಬಿ ರ‍್ಯಾಮ್ ಮೇಲೆ ಸುಮ್ನೆ ಭಾರ ಯಾಕೆ?

ಪುಸ್ತಕದ ಮೊದಲ ಪುಟದಲ್ಲಿ ಅಜ್ಜನ ಪೆನ್ಸಿಲ್ ಅಕ್ಷರ. ಮೂಲೆಗೆ ಕಾಫಿ ಕಲೆ. ಇವತ್ತಿಗೂ ಚೆನ್ನಾಗಿ ಓದಬಹುದು. ಅಷ್ಟು ಕಾಲ ಬಾಳುವ ಇಮೇಜ್ ಯಾವುದಿದೆ ಹೇಳಿ? ಸರ್ವರ್ ಎದ್ದಿತು. ಅಜ್ಜನ ಲೆಕ್ಕದಲ್ಲಿ ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ, ನೂರು ಸೆಂಟಿಗೆ ಒಂದು ಇಂಚು. ಅವರ ಮೊದಲ ಸಾಲನ್ನೇ ಟೈಪ್ ಮಾಡಿದೆ: ಹೂಮಳೆ, 1 ಇಂಚು 20 ಸೆಂಟು.