ಐನ್‌ಮನೆ ನೋಡಲು ಕೊಡಗಿಗೆ ಹೋಗುವವರಿಗೆ

ಅಬ್ಬಿ ಜಲಪಾತ, ರಾಜಾಸೀಟ್ ನೋಡಿ ವಾಪಸ್ ಬರುವವರೇ ಜಾಸ್ತಿ. ನಾವು ಈ ಸಲ ಹಳೇ ಮರದ ಮನೆಗಳಿಗಾಗಿಯೇ ಹೋದೆವು. ನೀವೂ ಹೊರಟಿದ್ದರೆ ನಾಲ್ಕುನಾಡು ಅರಮನೆಯಿಂದ ಶುರು ಮಾಡಿ. ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. 1792ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಹೊರಗಿನಿಂದ ಸಾದಾ ಹೆಂಚಿನ ಮನೆಯಂತೆ ಕಂಡರೂ ಒಳಗಿನ ಮರದ ಕೆತ್ತನೆ ನೋಡಲು ಸಮಯ ಬೇಕು. ಆ ಕಡೆ ಬಸ್ ಕಡಿಮೆ, ಸ್ವಂತ ಗಾಡಿ ಇದ್ದರೆ ಒಳ್ಳೆಯದು.

ಐನ್‌ಮನೆ ಬೇರೆ ವಿಷಯ. ಅದು ಒಂದು ಒಕ್ಕದ, ಅಂದರೆ ಒಂದು ಮನೆತನದ ಮೂಲ ಮನೆ, ಪ್ರವಾಸಿ ತಾಣ ಅಲ್ಲ. ಪರಿಚಯದವರ ಮೂಲಕ ಮೊದಲೇ ಕೇಳಿಕೊಂಡು ಹೋಗಿ. ಪಕ್ಕದಲ್ಲಿರುವ ಕೈಮಡ ಹಿರಿಯರ ಗುಡಿ, ಚಪ್ಪಲಿ ಹಾಕಿಕೊಂಡು ಹತ್ತಿರ ಹೋಗಬೇಡಿ. ಒಳಗೆ ನೆಲ್ಲಕ್ಕಿಯಲ್ಲಿ, ಅಂದರೆ ನಡುಮನೆಯಲ್ಲಿ, ದೀಪ ತೂಗುತ್ತಿರುತ್ತದೆ, ಅಲ್ಲಿ ಕೇಳದೆ ಫೋಟೋ ತೆಗೆಯಬೇಡಿ. ಜಗಲಿಯ ಕಂಬಗಳ ನಡುವೆ ಕೂರುವ ದಪ್ಪ ಹಲಗೆಯೇ ಐಮರ. ಎಷ್ಟೋ ತಲೆಮಾರು ಕೂತು ನುಣುಪಾಗಿದೆ, ಕೈ ಸವರಿದರೆ ಗೊತ್ತಾಗುತ್ತದೆ.

ಇಂಥ ಮನೆ ಉಳಿಸುವುದು ಸುಲಭ ಅಲ್ಲ. ಮನೆ ಇಡೀ ಒಕ್ಕದ್ದು, ಆದರೆ ಒಕ್ಕದವರು ಬೆಂಗಳೂರು, ಮೈಸೂರು ಅಂತ ಚದುರಿದ್ದಾರೆ, ಮಳೆಗಾಲದಲ್ಲಿ ಒಂದು ಹೆಂಚು ಜರುಗಿದರೂ ನೀರು ನೇರ ತೊಲೆಗೆ ಇಳಿಯುತ್ತದೆ, ತಕ್ಷಣ ನೋಡುವವರು ಇಲ್ಲದಿದ್ದರೆ ಗೆದ್ದಲು ಹಿಡಿಯಲು ಎಷ್ಟು ಹೊತ್ತು? ಹಳೇ ಕೆಲಸ ಗೊತ್ತಿರುವ ಆಚಾರಿ ಸಿಗುವುದು ಕಷ್ಟ. ಬೀಟೆ, ತೇಗ ಹೊಂದಿಸುವುದು ಇನ್ನೂ ಕಷ್ಟ. ಹಾಗಾಗಿ ಕೆಲವರು ಶೀಟ್ ಹೊದಿಸುತ್ತಾರೆ, ಪಕ್ಕದಲ್ಲೇ ತಾರಸಿ ಮನೆ ಕಟ್ಟಿಕೊಳ್ಳುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ, ಬಾತ್‌ರೂಮು ಎಲ್ಲರಿಗೂ ಬೇಕಲ್ವಾ. ಬೇಜಾರಾಗುವುದು ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದ್ದನ್ನು ಕಂಡಾಗ. ತೇವ ಒಳಗೇ ಉಳಿದು ಕಂಬದ ಬುಡ ಕೊಳೆಯುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ, ಬೇಡ. ನವೆಂಬರ್-ಡಿಸೆಂಬರ್ ಸುಮಾರಿಗೆ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ಒಕ್ಕದವರೆಲ್ಲ ಐನ್‌ಮನೆಗೆ ಬರುತ್ತಾರೆ. ಯಾರಾದರೂ ಕರೆದರೆ ಮಾತ್ರ ಆಗ ಹೋಗಿ, ಸುಮ್ನೆ ನುಗ್ಗಬೇಡಿ. ಉಳಿಯಲು ಹೋಂಸ್ಟೇ ಹುಡುಕುವಾಗ, ಹಳೇ ಮನೆಯನ್ನೇ ರಿಪೇರಿ ಮಾಡಿ ಕೋಣೆ ಕೊಡುತ್ತೀರಾ ಅಂತ ಫೋನಿನಲ್ಲೇ ಕೇಳಿ. ಅಂಥ ಕಡೆ ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಕೊಡಿ, ಆ ದುಡ್ಡಿನಲ್ಲೇ ಮುಂದಿನ ವರ್ಷದ ಹೆಂಚು ಬರಬೇಕು.