ಹಾರಿದ್ದು 20 ಗಂಟೆ, ತಲುಪಿದ್ದು 43 ಗಂಟೆಗೆ

ಮಗಳ ಬಾಣಂತನಕ್ಕೆ ಹಾಸನದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದು ನಾನು ಮತ್ತು ಯಜಮಾನರು. ಬೆಂಗಳೂರಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 14,000 ಕಿ.ಮೀ. ಆದರೆ ನಮ್ಮ ಟಿಕೆಟ್ ದುಬೈ ಮೇಲೆ. ದುಬೈಗೆ 4 ಗಂಟೆ, ಅಲ್ಲಿಂದ ಮುಂದೆ 13,000 ಕಿ.ಮೀ., 16 ಗಂಟೆ. ಒಟ್ಟು 20 ತಾನೇ, ಒಂದು ದಿನದ ಮಾತು ಅಂದುಕೊಂಡೆವು.

ಬೆಳಿಗ್ಗೆ ಹತ್ತಕ್ಕೆ ಹಾಸನ ಬಿಟ್ಟು ಎರಡು ಗಂಟೆಗೆ ಮೆಜೆಸ್ಟಿಕ್. ಊಟ ಇಲ್ಲೇ ಮುಗಿಸಿ, ಏರ್‌ಪೋರ್ಟ್‌ಗೆ ಹೋಗಿ ತಿನ್ನೋಣ ಅನ್ನಬೇಡಿ. ಬಸ್ ಸ್ಟ್ಯಾಂಡ್ ಪಕ್ಕದ ಗಲ್ಲಿಯಲ್ಲಿ ನಿಂತು ತಿನ್ನುವ ಒಂದು ಚಿಕ್ಕ ಹೋಟೆಲ್. ಬೋರ್ಡೇ ಮಾಸಿಹೋಗಿದೆ. ಬಿಸಿ ಅನ್ನ, ಹುಳಿ, ಬೀನ್ಸ್ ಪಲ್ಯ, ಒಂದು ಲೋಟ ಮಜ್ಜಿಗೆ. ಬಡಿಸುವ ಹುಡುಗ ಕೇಳದೇ ಎರಡನೇ ಸಲ ಅನ್ನ ಹಾಕಿದ. ಹುಳಿಗೆ ಇಂಗಿನ ಒಗ್ಗರಣೆ ಘಮ್ ಅಂತಿತ್ತು. ಇಬ್ಬರ ಊಟದ ದುಡ್ಡಿಗೆ ಏರ್‌ಪೋರ್ಟ್‌ನಲ್ಲಿ ಒಂದು ಕಾಫಿಯೂ ಬರಲಿಲ್ಲ. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ಸು ಸಿಗುತ್ತದೆ. ದೊಡ್ಡ ಸೂಟ್‌ಕೇಸ್ ಇಡಲು ಜಾಗ ಇದೆ, ಕ್ಯಾಬ್ ಬೇಕಾಗಿಲ್ಲ.

ವಿಮಾನ ರಾತ್ರಿ ಒಂಬತ್ತೂವರೆಗೆ. ದುಬೈ ಮುಟ್ಟಿದಾಗ ಅಲ್ಲಿ ನಡುರಾತ್ರಿ. ಮುಂದಿನದು ಬೆಳಿಗ್ಗೆ ಎಂಟೂವರೆಗೆ! ಟಿಕೆಟ್ ಸೋವಿ ಯಾಕಾಗಿತ್ತು ಅಂತ ಆಗ ಗೊತ್ತಾಯಿತು. ಜನಜಂಗುಳಿ ನನಗೇನೂ ತೊಂದರೆ ಇಲ್ಲ, ಜಾತ್ರೆ ನೋಡಿದವಳು. ನಿದ್ದೆ ಕೆಟ್ಟರೆ ಮಾತ್ರ ಆಗಲ್ಲ. ಯಜಮಾನರ ಸೊಂಟನೋವು ನೋಡಲಾಗದೆ ಒಳಗೇ ಒಂದು ರೂಮು ತೆಗೆದುಕೊಂಡೆವು. ಕಿಟಕಿ ಇಲ್ಲ, ಆರು ಗಂಟೆಗೆ ಬಾಡಿಗೆ. ಕೊಟ್ಟ ದುಡ್ಡಲ್ಲಿ ಹಾಸನದಲ್ಲಿ ಒಂದು ತಿಂಗಳು ಮನೆ ಬಾಡಿಗೆ ಕಟ್ಟಬಹುದಿತ್ತು. ಎರಡೂವರೆ-ಮೂರು ಗಂಟೆ ಬಿಡುವಿರುವ ಟಿಕೆಟ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ಕೊನೆಗೆ ಅದೇ ಅಗ್ಗ.

ಇನ್ನೊಂದು ಮೋಸ ಊಟದ್ದು. ಅಳಿಯಂದಿರು ಟಿಕೆಟ್ ಮಾಡುವಾಗ 'ಹಿಂದೂ ಮೀಲ್' ಒತ್ತಿದ್ದರು. ಮುಚ್ಚಳ ತೆಗೆದರೆ ಕೋಳಿ! ಹಿಂದೂ ಮೀಲ್ ಅಂದರೆ ದನದ ಮಾಂಸ ಇರಲ್ಲ ಅಂತ ಅಷ್ಟೇ, ಸಸ್ಯಾಹಾರ ಅಂತಲ್ಲ. ನೀವು 'ಏಷ್ಯನ್ ವೆಜಿಟೇರಿಯನ್' ಹಾಕಿಸಿ. ಈರುಳ್ಳಿ ಬೆಳ್ಳುಳ್ಳಿ ಬೇಡದವರು ಜೈನ್ ಮೀಲ್. ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಪುಣ್ಯಕ್ಕೆ ನನ್ನ ಕೈಚೀಲದಲ್ಲಿ ಚಪಾತಿ ಇತ್ತು.

ಎದುರಿನ ಪರದೆಯಲ್ಲಿ ವಿಮಾನ ಪಶ್ಚಿಮಕ್ಕೆ ಹೋಗುವ ಬದಲು ಉತ್ತರಕ್ಕೆ ತಿರುಗಿತು. ಭೂಮಿ ಗುಂಡಗಿದೆಯಲ್ವಾ, ಧ್ರುವದ ಕಡೆಯಿಂದ ಹೋದರೇ ಹತ್ತಿರವಂತೆ. ಎಂಟೂವರೆಗೆ ಹೊರಟವರು ಅದೇ ದಿನ ಮಧ್ಯಾಹ್ನ ಒಂದೂವರೆಗೆ ಇಳಿದೆವು. ಕೈಗಡಿಯಾರ ಇನ್ನೂ ನಮ್ಮೂರಿನ ಗಂಟೆಯಲ್ಲೇ ಇತ್ತು: ಬೆಳಗಿನ ಜಾವ ಎರಡು. ಇಮಿಗ್ರೇಷನ್ ಸಾಲು ದಾಟಿ ಫ್ರೀಮಾಂಟ್‌ನ ಮಗಳ ಮನೆ ಸೇರುವಷ್ಟರಲ್ಲಿ, ಹಾಸನ ಬಿಟ್ಟು 43 ಗಂಟೆ. ಅಲ್ಲಿನ ಮೂರು ತಿಂಗಳ ಕಥೆ ಬೇರೆ.

ಪುಡಿಗಳನ್ನೆಲ್ಲ ದೊಡ್ಡ ಸೂಟ್‌ಕೇಸಿಗೇ ಹಾಕಿ. ಅಮೆರಿಕದ ವಿಮಾನಕ್ಕೆ ಕೈಚೀಲದಲ್ಲಿ 350 ಮಿ.ಲೀ. ಡಬ್ಬಿಗಿಂತ ಜಾಸ್ತಿ ಪುಡಿ ಇದ್ದರೆ ತಕರಾರು. ಇಳಿದ ಮೇಲೆ ಕಸ್ಟಮ್ಸ್‌ನಲ್ಲಿ ತಿನ್ನುವ ಪದಾರ್ಥ ಇದೆ ಅಂತ ಮೊದಲೇ ಹೇಳಿಬಿಡಿ, ಬಚ್ಚಿಟ್ಟರೆ ದಂಡ. ಆ ಅಧಿಕಾರಿ ನನ್ನ ಸಾರಿನ ಪುಡಿ ಮೂಸಿ ಎರಡು ಸಲ ಸೀನಿ, ಮುಚ್ಚಿ ಕೊಟ್ಟ. ಚಟ್ನಿಪುಡಿ, ಬಾಣಂತಿ ಲೇಹ್ಯ ಎಲ್ಲ ಬಿಟ್ಟ. ಮಗುವಿಗೆ ದೃಷ್ಟಿ ತೆಗೆಯಲು ತಂದಿದ್ದ ಎರಡು ನಿಂಬೆಹಣ್ಣು ಮಾತ್ರ ಎತ್ತಿಟ್ಟುಕೊಂಡ. ಮಗಳ ಹಿತ್ತಲಲ್ಲೇ ನಿಂಬೆಗಿಡ ಇತ್ತು, ಕಾಯಿ ಜೋತಾಡುತ್ತಿದ್ದವು.